ನೀರಿನ ಗಂಟೆ

ಯಂತ್ರದ ಮುಂದಿದ್ದ ಕೆಲಸಗಾರ ಇಮಾಮಸಾಬರು ಪಕ್ಕೆ ಹಿಡಿದುಕೊಂಡು ಹತ್ತಿಯ ರಾಶಿಯ ಮೇಲೆ ಬಿದ್ದಾಗ ನಾನು ಮೊದಲು ನೋಡಿದ್ದು ಗೋಡೆಯ ಗಡಿಯಾರವನ್ನು. ಊಟದ ಗಂಟೆಗೆ ಇನ್ನೂ ಅರ್ಧ ತಾಸು ಇತ್ತು. ನಿಜಾಮರ ಕಾಲದಲ್ಲಿ ಆಳಂದದಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ನಾನು ಮೇಲ್ವಿಚಾರಕ. ಗಂಟೆ ಬಾರಿಸುವವರೆಗೆ ಯಾರೂ ಯಂತ್ರ ಬಿಟ್ಟು ಏಳಬಾರದೆಂಬ ನಿಯಮ ನನ್ನದೇ.

ಹಕೀಮರು ಬಂದು ನೋಡಿ, ಮೂತ್ರಪಿಂಡದಲ್ಲಿ ಕಲ್ಲಾಗಿದೆ, ನೀರು ಸಾಲದೆ ಹೀಗಾಗಿದೆ ಎಂದರು. ಇಂಥ ಸೆಕೆಯಲ್ಲಿ ನೀರೇಕೆ ಕುಡಿಯಲಿಲ್ಲವೆಂದು ನಾನು ಇಮಾಮಸಾಬರನ್ನು ಗದರಿದೆ.

“ಕುಡದ್ರ ಹೊರಗ ಹೋಗಬೇಕಾಗ್ತದ್ರಿ ಸಾಹೇಬ್ರ. ನಿಮ್ಮ ಗಂಟಿ ಬಾರಿಸೋದ್ರಾಗ ಪಾಯಜಾಮ ತೊಯ್ತದ! ಅದಕ್ಕ ನಾವ್ಯಾರೂ ನೀರ ಮುಟ್ಟಂಗಿಲ್ಲ,” ಎಂದು ಅವರು ನೋವಿನಲ್ಲೂ ನಕ್ಕರು.

ಮರುದಿನದಿಂದ ತಾಸಿಗೊಮ್ಮೆ ಗಂಟೆ ಬಾರಿಸಿದೆ. ಎಲ್ಲರೂ ಎದ್ದು ನೀರು ಕುಡಿದು, ಹೊರಗೆ ಹೋಗಿ ಬರಲೇಬೇಕು. ಅದೂ ಕಟ್ಟುನಿಟ್ಟೇ. ಹದಿನೈದು ದಿನಕ್ಕೆ ಕೆಲಸಕ್ಕೆ ಮರಳಿದ ಇಮಾಮಸಾಬರು ಮೊದಲ ಗಂಟೆಗೇ ತುಂಬಿದ ತಂಬಿಗೆಯನ್ನು ನನ್ನೆದುರು ಹಿಡಿದರು.

“ಮೊದಲ ನೀವು ಕುಡೀರಿ. ಖುರ್ಚಿ ಬಿಟ್ಟು ನೀವೂ ಏಳಂಗಿಲ್ಲ, ನಾ ನೋಡೇನಿ.”

ಈಗ ಅವರಿಲ್ಲ, ಕಾರ್ಖಾನೆಯೂ ಇಲ್ಲ. ಇಂದಿಗೂ ಗಡಿಯಾರ ತಾಸು ಹೊಡೆದರೆ ನಾನು ಎದ್ದು ನೀರು ಕುಡಿಯುತ್ತೇನೆ. ನನ್ನ ಅಷ್ಟೂ ನಿಯಮಗಳಲ್ಲಿ ಉಳಿದದ್ದು ಅದೊಂದೇ. ಅದೂ ಇಮಾಮಸಾಬರು ಹಾಕಿಕೊಟ್ಟದ್ದು.