ನಾನೇ ಕಲಿಸಿದ ಪಥ್ಯ

ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುವ ವೈದ್ಯಕೀಯ ಪತ್ರಿಕೆಯನ್ನು ನಾನು ಓದುವುದು ಯಲಹಂಕದ ನಮ್ಮ ಮನೆಯ ಅಡುಗೆಮನೆಯಲ್ಲಿ, ಅನ್ನ ಬೇಯುವಷ್ಟು ಹೊತ್ತಿನಲ್ಲಿ. ದವಾಖಾನೆಯಲ್ಲಿ ಕೂತು ಓದಿದರೆ, ಡಾಕ್ಟರಮ್ಮನ ಓದು ಇನ್ನೂ ಮುಗಿದಿಲ್ಲವೆಂದು ರೋಗಿಗಳು ಗಾಬರಿಯಾಗುತ್ತಾರೆ. ಮುಗಿದಿಲ್ಲವೆಂಬುದೇನೋ ನಿಜವೇ. ಮಕ್ಕಳ ತುರ್ತುಚಿಕಿತ್ಸೆಯೆಂಬ ವಿದ್ಯೆ ಇದೆಯಲ್ಲ, ಮಿತ್ರರೇ, ಅದೂ ಬೆಳೆಯುವ ಕೂಸಿನ ಹಾಗೆಯೇ. ಹೋದ ವರ್ಷ ಹೊಲಿಸಿದ ಅಂಗಿ ಈ ವರ್ಷ ಹಿಡಿಸುವುದಿಲ್ಲ.

ಹೊಸದನ್ನು ಕಲಿಯಲು ನನಗೆ ಎಂದೂ ಅಳುಕಿಲ್ಲ. ಕಷ್ಟವಿರುವುದು ಊರಿಗೆಲ್ಲ ಕಲಿಸಿದ್ದನ್ನು ಹಿಂದಕ್ಕೆ ಪಡೆಯುವುದರಲ್ಲಿ. ಐವತ್ತರ ದಶಕದಲ್ಲಿ ನಾನು ದವಾಖಾನೆ ತೆರೆದಾಗ, ಭೇದಿಯಾದ ಕೂಸಿನ ಹೊಟ್ಟೆಗೆ ಪೂರ್ತಿ ವಿಶ್ರಾಂತಿ ಬೇಕು, ಹಾಲೂ ಕೂಡದು ನೀರೂ ಕೂಡದು ಎಂದು ಕಲಿತು ಬಂದಿದ್ದೆ. ಬರೆದುಕೊಟ್ಟರೆ ಓದುವವರಿಲ್ಲವೆಂದು, ಆ ಪಥ್ಯವನ್ನು ಪ್ರತಿ ಅಜ್ಜಿಯಿಂದಲೂ ಮೂರು ಸಲ ಬಾಯಲ್ಲಿ ಹೇಳಿಸಿಯೇ ಕಳಿಸುತ್ತಿದ್ದೆ. ಕೊಡಿಗೇಹಳ್ಳಿಯ ಮುನಿಯಮ್ಮ ಒಂದೇ ಸಲಕ್ಕೆ ತಪ್ಪಿಲ್ಲದೆ ಒಪ್ಪಿಸಿ, ತಮ್ಮೂರ ಬಾಣಂತಿಯರಿಗೆಲ್ಲ ತಾವೇ ಪಾಠ ಹೇಳತೊಡಗಿದರು. ನನಗಾಗ ಹೆಮ್ಮೆಯೋ ಹೆಮ್ಮೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಪತ್ರಿಕೆ ಬೇರೆಯದನ್ನೇ ಹೇಳತೊಡಗಿತು: ಇಂಥ ಕೂಸುಗಳ ಜೀವ ತೆಗೆಯುವುದು ಮೈಯಲ್ಲಿ ನೀರು ಬತ್ತುವುದೇ. ದವಾಖಾನೆಗೆ ಬಂದವರಿಗೆ ಹೊಸ ಪಾಠ ಹೇಳಿದೆ. ಹಳೆಯದನ್ನು ಕಲಿತು ಹೋದವರ ನೆನಪೇ ನನಗಾಗಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಮುನಿಯಮ್ಮ ಹತ್ತು ತಿಂಗಳ ಮೊಮ್ಮಗಳನ್ನು ಎತ್ತಿಕೊಂಡು, ಸೊಸೆಯೊಡನೆ ಬಂದರು. ಕೂಸಿನ ಕಣ್ಣು ಒಳಗೆ ಹೋಗಿತ್ತು, ನೆತ್ತಿ ತಗ್ಗಾಗಿತ್ತು, ಅತ್ತರೆ ಕಣ್ಣೀರಿಲ್ಲ. ಪುಣ್ಯಕ್ಕೆ ನುಂಗುವ ಶಕ್ತಿ ಉಳಿದಿತ್ತು. ಕುದಿಸಿ ಆರಿಸಿದ ನೀರಿಗೆ ಅಳತೆಯಾಗಿ ಉಪ್ಪು ಸಕ್ಕರೆ ಬೆರೆಸಿ ಚಮಚ ಎತ್ತಿದರೆ, ಮುನಿಯಮ್ಮ ನನ್ನ ಕೈ ಹಿಡಿದುಕೊಂಡರು.

"ಬ್ಯಾಡಿ ಡಾಕ್ಟ್ರಮ್ಮ. ನೆನ್ನೆಯಿಂದ ಒಂದ್ ತೊಟ್ಟೂ ಆಕಿಲ್ಲ. ನೀವೇ ಏಳ್ಕೊಟ್ಟಿದ್ದಲ್ವಾ?"

ಈ ಭೇದಿಯೇ ಬೇರೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು, ಮರ್ಯಾದೆ ಉಳಿಯುತ್ತಿತ್ತು. ಹಾಗೆಂದರೆ ಆಕೆ ನಾಳೆ ಇನ್ನೊಂದು ಕೂಸಿಗೆ ಹಳೆಯ ಪಾಠವನ್ನೇ ಹೇಳುತ್ತಿದ್ದರು.

"ನಾನು ಹೇಳ್ಕೊಟ್ಟಿದ್ದು ತಪ್ಪು, ಮುನಿಯಮ್ಮ," ಎಂದೆ. "ನೀರು ಕೊಡ್ಲೇಬೇಕು."

ಆಕೆ ಕೈ ಬಿಡಲಿಲ್ಲ. ಅದುವರೆಗೆ ಬಾಯಿ ಬಿಡದಿದ್ದ ಸೊಸೆ ಚಮಚವನ್ನು ನನ್ನಿಂದ ತೆಗೆದುಕೊಂಡು ತಾನೇ ಕುಡಿಸಲು ಕೂತಳು. ಕೂಸು ಒಮ್ಮೆ ಕಕ್ಕಿತು. ಸ್ವಲ್ಪ ತಾಳಿ ಮತ್ತೆ ಕುಡಿಸಿದೆವು. ದೀಪ ಹಚ್ಚುವ ಹೊತ್ತಿಗೆ ಅದು ಅಜ್ಜಿಯ ಸೀರೆಯನ್ನು ಚೆನ್ನಾಗಿ ಒದ್ದೆ ಮಾಡಿತು. ನನ್ನ ವೃತ್ತಿಯಲ್ಲಿ ಅಷ್ಟು ಸಂತೋಷ ಕೊಟ್ಟ ಉಚ್ಚೆ ಇನ್ನೊಂದಿಲ್ಲ.

ಮುನಿಯಮ್ಮ ಮಾತ್ರ ನಗಲಿಲ್ಲ. ಒದ್ದೆ ಸೆರಗನ್ನು ಹಿಡಿದುಕೊಂಡೇ ಕೇಳಿದರು: "ಅಂಗಾರೆ, ಓದ ವರ್ಸ ನಮ್ಮ ಎದುರುಮನೆ ಕೂಸಿಗೂ ನೀರು ಕೊಡಬ್ಯಾಡಿ ಅಂತ ನಾನೇ ಅಂದಿದ್ನಲ್ಲಾ?"

ಆ ಕೂಸು ಉಳಿಯಲಿಲ್ಲವೆಂಬುದು ನನಗೂ ಗೊತ್ತಿತ್ತು. ತಪ್ಪು ನಿಮ್ಮದಲ್ಲ, ನನ್ನದು ಎಂದೆ. ಮರುದಿನ ಬೆಳಿಗ್ಗೆ ದವಾಖಾನೆಗೆ ಬೀಗ ಹಾಕಿ, ಮುನಿಯಮ್ಮನನ್ನು ಜೊತೆಗೆ ಕರೆದುಕೊಂಡು ಕೊಡಿಗೇಹಳ್ಳಿಯ ಮನೆಮನೆಗೂ ಹೋದೆ. ಮೊದಲು ಹೋದದ್ದು ಆ ಎದುರುಮನೆಗೆ.