ಟೇಪಿನೊಳಗಿನ ಒಡಪು

ಕಪಾಟು ಒರೆಸುವಾಗ ಕೈಗೊಂದು ಟೇಪು ಸಿಕ್ಕಿತು. ಹಾಡಿನ ಕ್ಯಾಸೆಟ್ಟಲ್ಲ, ಕಂಪ್ಯೂಟರಿನ ಮಾಹಿತಿ ನಕಲಿಸಿಡುವ ಅಂಗೈಯಗಲದ ಕರಿಯ ಪೆಟ್ಟಿಗೆ. ಮೂಸಿ ನೋಡಿದೆ. ಏನು ಸಿಕ್ಕರೂ ಮೂಸುವ ಚಟ ನನಗೆ, ನಮ್ಮನೆಯವರು ಇದ್ದಾಗ ಇದಕ್ಕೇ ನಗುತ್ತಿದ್ದರು. ಹಳೆಯ ಪ್ಲಾಸ್ಟಿಕ್ಕಿನ ವಾಸನೆ. ಅದರ ಹಿಂದೆಯೇ ಬೈಲಹೊಂಗಲದ ಆ ಏಸಿ ಕೋಣೆ ನೆನಪಾಯಿತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ರೋಗಿಗಳ ವಿವರ ಟೈಪು ಮಾಡುತ್ತಿದ್ದೆ. ಕಂಪ್ಯೂಟರ್ ನೋಡಿಕೊಳ್ಳುವವರು ಸವದತ್ತಿಯ ಈರಪ್ಪ. ಯಂತ್ರ ಯಾವಾಗ ಕೈಕೊಡುತ್ತದೋ ಎಂದು ಆಸ್ಪತ್ರೆಯ ಕೆಲಸ ನಡೆಸುವ ಎರಡು ಸರ್ವರ್ ತರಿಸಿದ್ದರು. ಎರಡಕ್ಕೂ ಸೇರಿ ಮಾಹಿತಿ ತುಂಬುವ ಡಿಸ್ಕಿನ ಪೆಟ್ಟಿಗೆ ಮಾತ್ರ ಒಂದೇ. ಒಂದು ಮಲಗಿದರೆ ಇನ್ನೊಂದು ಎದ್ದು ಕೆಲಸ ಹಿಡಿಯಬೇಕು. ನನಗೆ ತಲೆಬುಡ ತಿಳಿಯಲಿಲ್ಲ.

"ಅಕ್ಕಾರ, ಅಣ್ಣತಮ್ಮರ ಎರಡು ಮನಿ, ನಡುವ ಒಂದ ಹಗೇವು ಅಂತ ತಿಳೀರಿ," ಅಂದರು ಈರಪ್ಪ. "ಕಾಳು ಇಬ್ಬರದೂ. ಆದ್ರ ಒಂದ ಸಲಕ್ಕ ಒಬ್ಬಾಂವನ ಇಳೀಬೇಕು."

ನೆಲದೊಳಗೆ ಜೋಳ ತುಂಬಿಡುವ ಹಗೇವು ಕಂಡವಳು ನಾನು, ಥಟ್ಟನೆ ಹೊಳೆಯಿತು. ಹಗೇವಿಗೇ ನೀರು ನುಗ್ಗಿದರೆ? ಅದಕ್ಕೇ ಬೀಜದ ಕಾಳಿನಂತೆ ಬೇರೆ ತೆಗೆದಿಡಲು ಟೇಪಿನ ಯಂತ್ರ. ಈರಪ್ಪ ಮೊದಲು ಅದನ್ನು ಡಿಸ್ಕಿನ ಕೇಬಲ್ಲಿಗೇ ಜೋಡಿಸಿದರು. ಟೇಪು ತಿರುಗಿದ ಕೂಡಲೇ ಡಿಸ್ಕು ತಡವರಿಸಿತು, ಎರಡೂ ಸರ್ವರು ಹಗೇವು ತನ್ನದು ತನ್ನದೆಂದು ಜಗಳಕ್ಕೆ ನಿಂತವು. ಕಡೆಗೆ ಟೇಪಿಗೆಂದೇ ಬೇರೆ ಕಾರ್ಡು, ಬೇರೆಯೇ ಕೇಬಲ್ಲು ಹಾಕಿದ ಮೇಲೆ ಮನೆ ಶಾಂತವಾಯಿತು.

ಇನ್ನು ಪರೀಕ್ಷೆ. ಏನಾದರೊಂದನ್ನು ಟೇಪಿಗೆ ನಕಲಿಸಿ, ಡಿಸ್ಕಿನಿಂದ ಅಳಿಸಿ, ಟೇಪಿನಿಂದ ಮರಳಿ ತರಬೇಕು. ಅಷ್ಟರಲ್ಲಿ ಅವರ ಹೆಂಡತಿ ಗಂಗವ್ವ ಬುತ್ತಿ ಹಿಡಿದು ಬಂದರು.

"ಮದ್ಲ ಊಟಾ ಮಾಡ್ರಿ. ನಿಮ್ಮ ಡಬ್ಬಿ ಎಲ್ಲೂ ಓಡಿ ಹೋಗೂದಿಲ್ಲ."

ನನಗೆ ತುಂಟತನ ಬಂತು. ಪರೀಕ್ಷೆಗೆ ದನಿ ತುಂಬಿಕೊಳ್ಳಲು ಕಂಪ್ಯೂಟರಿನ ಮೈಕನ್ನು ಗಂಗವ್ವನ ಮುಂದೆ ಹಿಡಿದು, "ಒಡಪು ಹಾಕಿ ಗಂಡನ ಹೆಸರ ಹೇಳ್ರಿ, ಇಲ್ಲಾಂದ್ರ ಬಿಡೂದಿಲ್ಲ," ಎಂದೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರೆತ್ತುವುದಿಲ್ಲ. ಮದುವೆ, ಸೀಮಂತಗಳಲ್ಲಿ ಹೆಂಗಸರು ಕಾಡಿದರೆ ಎರಡು ಸಾಲಿನ ಪ್ರಾಸದೊಳಗೆ ಅಡಗಿಸಿ ಹೇಳುತ್ತಾರೆ, ಅದೇ ಒಡಪು. ಗಂಗವ್ವ ಸೆರಗನ್ನು ಬಾಯಿಗಿಟ್ಟು ನಕ್ಕರು. ಗಂಡ ಮನೆಯಲ್ಲೂ ಹಗೇವಿನ ಮಾತೇ ಆಡಿರಬೇಕು.

"ಎರಡು ಮನಿಗೆ ಒಂದ ಹಗೇವು, ತುಂಬ ಬಿಳಿಜೋಳ;
ಈರಪ್ಪನವರ ಹೆಸರ ಹೇಳಾಕ ಕೆಂಪಾತು ನನ್ನ ಕಪಾಳ!"

ನಾವೆಲ್ಲ ಹೋ ಎಂದು ನಕ್ಕೆವು. ಈರಪ್ಪ ತಲೆ ತಗ್ಗಿಸಿ ಇಲ್ಲದ ಕೇಬಲ್ಲು ಹುಡುಕತೊಡಗಿದರು. "ಈಗ ನಿಮ್ಮ ಪಾಳಿ, ಅಕ್ಕಾರ," ಎಂದು ಗಂಗವ್ವ ಮೈಕು ನನ್ನತ್ತ ತಿರುಗಿಸಿದರು. ಟೈಪಿಂಗ್ ಉಳಿದಿದೆ ಎಂದು ನಾನು ಓಟ ಕಿತ್ತೆ. ಈರಪ್ಪ ಆ ಒಡಪನ್ನೇ ಟೇಪಿಗೆ ನಕಲಿಸಿ, ಡಿಸ್ಕಿನಿಂದ ಅಳಿಸಿ, ಮರಳಿ ತಂದರು.

ಮರುವರ್ಷ ಕಾಮಾಲೆಯಾಗಿ ಗಂಗವ್ವ ತೀರಿಕೊಂಡರು.

ಕಾರ್ಯ ಮುಗಿಸಿ ಬಂದ ಈರಪ್ಪ ಪ್ರತಿ ಸೋಮವಾರ ಆ ಪರೀಕ್ಷೆ ಮಾಡತೊಡಗಿದರು. ಡಿಸ್ಕಿನಿಂದ ಗಂಗವ್ವನ ದನಿ ಅಳಿಸುವುದು, ಟೇಪು ಹಾಕಿ ಕಾಯುವುದು, ಮರಳಿ ಬಂದದ್ದನ್ನು ಒಮ್ಮೆ ಕೇಳುವುದು. ಡಾಕ್ಟರರು ಎಂಥ ನಿಷ್ಠೆ ಎಂದು ಹೊಗಳಿದರು. ನನಗೆ ಮಾತ್ರ ಒಂದೇ ಚಿಂತೆ. ಟೇಪು ಹರಿದರೆ?

"ಅಳಸೂದ್ಯಾಕ್ರಿ? ಸುಮ್ಮನ ಕೇಳಬಾರದ?" ಎಂದೆ ಒಂದು ದಿನ.

"ಸಿಡಿ ಮಾಡಿ ಮನ್ಯಾಗ ಇಟ್ಟೇನ್ರಿ ಅಕ್ಕಾರ. ಇದ್ದದ್ದನ್ನ ಕೇಳಿದ್ರ ಏನ ಬಂತು? ಹೋದಾಕಿ ಹೊಳ್ಳಿ ಬರತಾಳಲ್ಲ, ಅದನ್ನ ನೋಡಬೇಕ್ರಿ."



ಕೆಲ ವರ್ಷಕ್ಕೆ ಹೊಸ ವ್ಯವಸ್ಥೆ ಬಂತು. ಟೇಪಿನ ಯಂತ್ರವನ್ನು ಈರಪ್ಪನವರ ಕೈಯಿಂದಲೇ ಬಿಚ್ಚಿಸಿದರು. ಸಂಜೆ ಅವರು ಈ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟರು. "ನಿಮ್ಮ ಕಡೆ ಇರ್ಲಿ. ನಾ ಒಯ್ದರ ದಿನಾ ನೋಡತೇನಿ. ಓದಸಾಕ ಮಷೀನ ಇಲ್ಲ." ಈಗ ಸವದತ್ತಿಯಿಂದ ಆಗೊಮ್ಮೆ ಈಗೊಮ್ಮೆ ಫೋನು ಮಾಡುತ್ತಾರೆ. ಇಬ್ಬರೂ ಟೇಪಿನ ಮಾತೆತ್ತುವುದಿಲ್ಲ.

ನಮ್ಮನೆಯವರು ಹೋಗಿ ವರ್ಷವಾಯಿತು. ಅಷ್ಟು ವರ್ಷದ ಸಂಸಾರ 'ಏನ್ರಿ', 'ಇಲ್ನೋಡ್ರಿ'ಗಳಲ್ಲೇ ಕಳೆಯಿತು. "ಒಮ್ಮೆರ ನನ್ನ ಹೆಸರ ಹೇಳ, ಕೇಳೂಣು," ಎಂದು ಅವರು ಕೀಟಲೆ ಮಾಡುತ್ತಿದ್ದರು. "ಹುಡುಗರ ನಗತಾರ, ಸುಮ್ಮನಿರ್ರಿ," ಎನ್ನುತ್ತಿದ್ದೆ.

ಟೇಪನ್ನು ಸೆರಗಿನಿಂದ ಒರೆಸಿ ತೊಡೆಯ ಮೇಲಿಟ್ಟುಕೊಂಡೆ. ಒಡಪು ಕಟ್ಟಲು ನೋಡಿದೆ, ಗಂಗವ್ವನಿಗೆ ಬಂದಂತೆ ನನಗೆ ಪ್ರಾಸ ಬರಲಿಲ್ಲ. ಪ್ರಾಸವಿಲ್ಲದೆಯೇ ಕರೆದೆ.

"ಬಸವರಾಜ."

ಓ ಎನ್ನುವವರು ಇರಲಿಲ್ಲ.