ಅಡ್ಡಬೀಳಲು ಅಡ್ಡವಾದ ಪಿಸ್ತೂಲು

ಅಮೆರಿಕದ ಯೂಲೆಸ್ ಊರಿನಲ್ಲಿ ನಮ್ಮ ದಿನಸಿ ಅಂಗಡಿಯ ಪಕ್ಕದ ಲಾಂಡ್ರಿಗೆ ಹಾಡುಹಗಲೇ ಕಳ್ಳರು ನುಗ್ಗಿದ ಮೇಲೆ ನನ್ನ ಹೆಂಡತಿಯ ನೆಮ್ಮದಿ ಹೋಯಿತು. ಇರುವೆ ಕಂಡರೂ ದಾಟಿ ನಡೆಯುವ ನಾನು ಕೊನೆಗೆ ಲೈಸೆನ್ಸ್ ಮಾಡಿಸಿ, ಅವಳ ಜೊತೆ ಪಿಸ್ತೂಲು ಕೊಳ್ಳಲು ಹೋದೆ.

ಬಂದೂಕಿನ ಅಂಗಡಿಯಲ್ಲಿದ್ದವರು ಕೊರಳಲ್ಲಿ ಶಿಲುಬೆ ತೊಟ್ಟ ಒಬ್ಬರು ಮುದುಕರು. ಗುಂಡಿಲ್ಲದ ಸಣ್ಣ ಪಿಸ್ತೂಲೊಂದನ್ನು ನನ್ನ ಸೊಂಟಕ್ಕೆ ಸಿಕ್ಕಿಸಿ, "ಇದು ದಿನವಿಡೀ ಮೈಮೇಲಿರಬೇಕು, ಹೊರಗೆ ಕಾಣಬಾರದು. ನೀವು ದಿನಾ ಮಾಡೋದನ್ನೆಲ್ಲ ಮಾಡಿ ನೋಡಿ" ಅಂದರು.

ಕೂತೆ, ಎದ್ದೆ, ಬಗ್ಗಿದೆ.

"ಇನ್ನೇನು ಮಾಡ್ತೀರಿ?"

"ಬೆಳಿಗ್ಗೆ ಅಂಗಡಿಗೆ ಬಂದ ಕೂಡಲೇ ದೇವರ ಪಟದ ಮುಂದೆ ಉದ್ದಕ್ಕೆ ಮಲಗಿ ನಮಸ್ಕಾರ ಮಾಡ್ತೀನಿ."

"ಹಾಗಾದ್ರೆ ಅದನ್ನೂ ಮಾಡಿ."

ಅಲ್ಲೇ ಕಾರ್ಪೆಟ್ ಮೇಲೆ ಮಲಗಿದೆ. ಪಿಸ್ತೂಲು ಹೊಟ್ಟೆಗೆ ಒತ್ತಿತು. ಬೆನ್ನ ಕಡೆಗೆ ಸರಿಸಿ ಮಲಗಿದರೆ ಅಂಗಿ ಮೇಲೇರಿತು.

"ಪೂರ್ತಿ ಕಾಣಿಸ್ತಿದೆ ರೀ, ಏಳಿ!" ಅಂದಳು ಹೆಂಡತಿ.

ಮುದುಕರು ನಗಲಿಲ್ಲ. "ಅಷ್ಟು ಹೊತ್ತು ತೆಗೆದಿಡಿ" ಅಂದರು.

"ಎಲ್ಲಿಡಲಿ?"

"ಯಾರ ಮುಂದೆ ಮಲಗ್ತೀರೋ ಅವನ ಹತ್ತಿರಾನೇ ಇಡಿ. ಅವನಿಗಿಂತ ಭದ್ರವಾದ ಕೈ ಯಾವುದಿದೆ?"

ಅದನ್ನೇ ಕೊಂಡೆ. ಈಗ ದಿನಾ ಬೆಳಿಗ್ಗೆ ಒರೆಯ ಸಮೇತ ಅದನ್ನು ರಾಮನ ಪಟದ ಮುಂದಿಟ್ಟು ಅಡ್ಡಬೀಳುತ್ತೇನೆ. ಬಿಲ್ಲು ಹಿಡಿದೇ ಅಭಯ ಕೊಡುವ ಅವನಿಗೆ ನನ್ನ ಸಂಕೋಚ ಅರ್ಥವಾಗದೆ ಇರದು. ಆ ಗಳಿಗೆ ನನ್ನನ್ನು ಅವನೇ ಕಾಯುತ್ತಾನೆಂದು ನನ್ನ ನಂಬಿಕೆ. ನನ್ನ ಹೆಂಡತಿಯದೂ ಅದೇ ನಂಬಿಕೆ. ಆದರೂ ನಾನು ಎದ್ದು ನಿಲ್ಲುವವರೆಗೆ ಅವಳು ಅಂಗಡಿಯ ಚಿಲಕ ತೆಗೆಯುವುದಿಲ್ಲ.